ಬದುವಿನೊಳಗಿನ ಬಾಣಂತಿ

ಮಾತಿಗೆ ಹೆದರುವವರನ್ನೇ ಹುಡುಕಿಕೊಂಡು ಬಂದು ಪೇಚಿನ ಪ್ರಸಂಗಗಳು ಎದುರಿಗೆ ನಿಲ್ಲುತ್ತವೆ. ನಯಾಪೈಸೆ ಬಂದ ಹೊಸತರಲ್ಲಿ, ಕಾನ್ವೆಂಟಿನ ಇಂಗ್ಲಿಷೊಂದನ್ನೇ ನಂಬಿಕೊಂಡು ಸೊರಬದ ಶಾಲೆಗೆ ವಿಜ್ಞಾನ ಕಲಿಸಲು ಹೋದ ನನಗಂತೂ ಅವು ಸಾಲುಗಟ್ಟಿ ಬಂದವು.

೧. ಓದು

ನಾನು ಬಾಡಿಗೆಗಿದ್ದ ಮನೆಯ ಯಜಮಾನಿ ಮೊದಲ ದಿನವೇ ಕೇಳಿದರು: “ಅಕ್ಕೋರೇ, ಕಾಲೇಜಲ್ಲಿ ಏನು ಓದಿದ್ರಿ?”

“ಪ್ರಾಣಿಗಳ ಜೀವನ.”

“ಇಲಿ, ಹೆಗ್ಗಣ ಎಲ್ಲ?”

“ಹೂಂ.”

“ಅದಕ್ಕೆ ಅಷ್ಟು ದೂರ ಹೋಗಬೇಕಿತ್ತಾ? ನಮ್ಮ ಅಟ್ಟದ ಮೇಲೆ ಮಲಗಿದ್ರೆ ಒಂದೇ ವಾರಕ್ಕೆ ಪಾಸಾಗ್ತಿದ್ರಿ!”

೨. ಹಲ್ಲು

ಪಕ್ಕದ ಜಡೆ ಎಂಬ ಊರಿನಲ್ಲಿ ಯಜಮಾನಿಯ ಗದ್ದೆಗೂ ಶಿಕಾರಿಪುರದಲ್ಲಿದ್ದ ಅವರ ಓರಗಿತ್ತಿಯ ಗದ್ದೆಗೂ ನಡುವೆ ಒಂದೇ ಬದು. ಇವರದು ಕೆಂಪು ಭತ್ತ, ಅವರದು ಬಿಳಿ. ಆ ವರ್ಷ ಕೊಯ್ಲಿಗೆ ಮೊದಲೇ ಇವರ ತೆನೆಗಳು ಮಾಯವಾಗತೊಡಗಿದವು. “ಅವಳೇ ಕೊಯ್ಸಿದ್ದು. ಅವಳ ಮಗಳ ಮದುವೆಗೆ ಕಾಲಿಡಲ್ಲ” ಎಂದರು ಯಜಮಾನಿ. ಆ ಹುಡುಗಿಯೋ, “ದೊಡ್ಡಮ್ಮ ಬರದೆ ನಾನು ಅರಿಶಿಣ ಹಚ್ಚಿಸ್ಕೊಳಲ್ಲ” ಎಂದು ಕೂತುಬಿಟ್ಟಳು. ಅರಿಶಿಣಕ್ಕೆ ಉಳಿದಿದ್ದು ಒಂದೇ ದಿನ.

ಇಬ್ಬರೂ ಬದುವಿನ ಮೇಲೆ ಮಾರು ದೂರದಲ್ಲಿ ನಿಂತು, ನನ್ನ ಮುಖ ನೋಡಿಕೊಂಡು ಜಗಳವಾಡಿದರು.

“ಅಕ್ಕೋರೇ, ಕುಡುಗೋಲು ಯಾರದ್ದು ಅಂತ ಅವಳನ್ನ ಕೇಳಿ.”

“ಅಕ್ಕೋರ, ನಾನು ಮುಟ್ಟಿಲ್ಲಂತ ಅವರಿಗೆ ಹೇಳ್ರೀ.”

ನಾನು ಬಗ್ಗಿ ಭತ್ತದ ಒಂದು ತುಂಡು ಕಡ್ಡಿ ಎತ್ತಿದೆ. ಉಳಿಯಲ್ಲಿ ಕೆತ್ತಿದಂತೆ ಓರೆಯಾಗಿ ಕತ್ತರಿಸಿತ್ತು. “ಇದು ಕುಡುಗೋಲಲ್ಲ” ಎಂದೆ ಮೆಲ್ಲಗೆ. “ಹಲ್ಲು.”

ಯಜಮಾನಿ ಓರಗಿತ್ತಿಯ ಬಾಯಿಯನ್ನೇ ದಿಟ್ಟಿಸಿದರು. “ಅವಳ ಹಲ್ಲೂ ಚೂಪಾಗೇ ಇದೆ.”

೩. ಬಿಲ

ಹೆಗ್ಗಣದ ಹಲ್ಲು ಎಂದು ನಾನು ಬಿಡಿಸಿ ಹೇಳಿದ್ದೇ ತಡ, ಓರಗಿತ್ತಿ ಸೆರಗು ಸಿಕ್ಕಿಸಿ ತಾವೇ ಗುದ್ದಲಿ ಹಿಡಿದರು. ಬದುವಿನ ಪಕ್ಕದ ಹಸಿ ಮಣ್ಣಿನ ಗುಡ್ಡೆ ಸರಿಸಿದರೆ ಒಳಗಿನಿಂದ ಮುಚ್ಚಿಕೊಂಡ ಬಾಗಿಲು! ಆಚೆ ಕವಲೊಡೆದ ಓಣಿಗಳು. ಒಂದರ ಕೊನೆಯಲ್ಲಿ ಕಕ್ಕಸು, ಇನ್ನೊಂದು ಮೇಲೇರಿ ಹೋಗಿ ತೆಳ್ಳನೆಯ ಮಣ್ಣಿನ ಮುಚ್ಚಳದಡಿ ನಿಂತಿತ್ತು, ಶತ್ರು ಬಂದರೆ ತಲೆಯಿಂದ ಗುದ್ದಿ ಹಾರಲು. ಕಣಜದಲ್ಲಿ ಕೆಂಪು ತೆನೆ, ಬಿಳಿ ತೆನೆ ಒತ್ತೊತ್ತಾಗಿ ತುಂಬಿದ್ದವು. ನನ್ನ ಪುಸ್ತಕದ ಚಿತ್ರದಲ್ಲಿ ಇದ್ದದ್ದು ಬರೀ ಒಂದು ಗೆರೆ. ನಾನು ಮಂಡಿಯೂರಿ ಒಳಗೆ ಇಣುಕಿದೆ.

ಕಡೆಯ ಕೋಣೆಯಲ್ಲಿ ಹುಲ್ಲಿನ ಹಾಸಿಗೆ, ಅದರಲ್ಲಿ ಕಣ್ಣು ಬಿಡದ ಗುಲಾಬಿ ಮರಿಗಳು. ತಾಯಿ ಓಡಲಿಲ್ಲ. ಮೈಯ ಕೂದಲೆಲ್ಲ ನಿಮಿರಿಸಿ, ನಮ್ಮ ಮೂವರಿಗೂ ಅಡ್ಡ ನಿಂತು ಗುರ್ರೆಂದಿತು. ಓರಗಿತ್ತಿಯ ಕೈಯ ಗುದ್ದಲಿ ತಾನಾಗಿ ಕೆಳಗಿಳಿಯಿತು.

“ಇದರ ಗಂಡ ಎಲ್ಲಿ?” ಎಂದರು ಯಜಮಾನಿ.

“ಬೇರೆ ಬಿಲದಲ್ಲಿ. ಒಂದು ಮನೆಯಲ್ಲಿ ಎರಡು ದೊಡ್ಡ ಹೆಗ್ಗಣ ಇದ್ದರೆ ಕಚ್ಚಾಡುತ್ತವೆ.”

“ಓರಗಿತ್ತಿಯಿಲ್ಲದ ಮನೆ! ಪುಣ್ಯವಂತೆ.”

“ಅದಕ್ಕೇ ಇಷ್ಟು ಚಂದ ಇಟ್ಕೊಂಡಾಳ, ಅಕ್ಕಾ” ಎಂದರು ಓರಗಿತ್ತಿ, ನನ್ನ ಮುಖ ಬಿಟ್ಟು ನೇರವಾಗಿ ಅವರಿಗೇ. “ಬಾಣಂತಿ ಮನೆ ಬರಿದು ಮಾಡಬಾರ್ದು. ಒಂದಿಷ್ಟು ಬಿಡೋಣ. ನಿಮ್ಮ ಕೆಂಪಕ್ಕಿ ಭಾಳ ಪುಷ್ಟಿ.”

“ಬಾಣಂತಿಗೆ ಕೆಂಪಕ್ಕಿ ನಂಜು ಕಣೇ! ನಿನ್ನ ಬಿಳಿಯದ್ದೇ ಪಥ್ಯ!”

ಕೊನೆಗೆ ನಂಜು ಒಂದು ಹಿಡಿ, ಪಥ್ಯ ಒಂದು ಹಿಡಿ ಒಳಗಿಟ್ಟು ಮಣ್ಣು ಮುಚ್ಚಿದರು.

೪. ಅರಿಶಿಣ

ಮರುದಿನ ಶಿಕಾರಿಪುರದಲ್ಲಿ ದೊಡ್ಡಮ್ಮನನ್ನು ಕಂಡದ್ದೇ ಹುಡುಗಿ ಮಣೆಗೆ ಓಡಿ ಕೂತಳು. ಅವಳ ಅಜ್ಜಿಗೆ ಆಶ್ಚರ್ಯವೋ ಆಶ್ಚರ್ಯ. “ಇಬ್ರೂ ಯಾವಾಗ ಒಂದಾದ್ರಿ?”

“ನಿನ್ನೆ ಒಂದು ಬಾಣಂತಿ ಮನೆಗೆ ಹೋಗಿದ್ವಿ” ಎಂದರು ಯಜಮಾನಿ, ಅರಿಶಿಣ ಕಲೆಸುತ್ತ.

“ಗಂಡೋ, ಹೆಣ್ಣೋ?”

“ಯಾರು ನೋಡಿದ್ರು? ಏಳೆಂಟಿದ್ವು.”

ಅಜ್ಜಿ ಕೆನ್ನೆಗೆ ಕೈಯಿಟ್ಟರು. “ಶಿವಶಿವಾ! ಗಂಡ ಏನು ಮಾಡ್ತಾನ?”

“ಅವನು ಬೇರೆ ಮನ್ಯಾಗಿರ್ತಾನ” ಎಂದು ಓರಗಿತ್ತಿ ಆರತಿ ತರಲು ಎದ್ದರು.

ಅಜ್ಜಿಯ ಕಣ್ಣು ತುಂಬಿತು. “ಅಟ್ಟದ ಮೇಲಿನ ತೊಟ್ಟಿಲು ಇಳಿಸ್ರೇ, ಆ ತಾಯಿಗೆ ಕಳಿಸೋಣ!”

ಎಲ್ಲರೂ ನನ್ನತ್ತ ತಿರುಗಿದರು. ಏನಾದರೂ ಹೇಳಲೇಬೇಕಿತ್ತು. “ಬೇಡ ಅಜ್ಜಿ” ಎಂದು ತೊದಲಿದೆ, “ಅವರು... ಹುಲ್ಲು ಹಾಸ್ಕೊಂಡಿದ್ದಾರೆ.”

“ಅಯ್ಯೋ, ಅಷ್ಟು ಬಡವ್ರಾ!” ಅಜ್ಜಿ ಗೊಳೋ ಎಂದರು. “ಹಂಗಾದ್ರ ನನ್ನ ಕಂಬಳೀನೂ ಕಟ್ರೇ!”