ಕಾಕಾ ಕೀಳಿಸಿದ ಲಾನು

ನಮ್ಮ ಕಾಕಾನಂಥ ಅಂಜುಬುರುಕ ವಕೀಲರನ್ನು ನೀವು ಕಂಡಿರಲಾರಿರಿ! ಕೋರ್ಟಿನಲ್ಲಿ ಎದುರು ಪಕ್ಷದವರು ಜೋರಾಗಿ ಕೆಮ್ಮಿದರೆ ಸಾಕು, ಮುಂದಿನ ತಾರೀಖು ಬೇಡುತ್ತಿದ್ದರು. ಇಂಥವರು ಧಾರವಾಡದಿಂದ ಪುಣೆಗೆ ಬಂದು, ವಿಲಾಯತಿಗೆ ಮರಳುತ್ತಿದ್ದ ಸಾಹೇಬನೊಬ್ಬನ ಬಂಗಲೆ ಕೊಂಡರು. ಮುಂದೆ ದೊಡ್ಡ ಹುಲ್ಲಿನ ಲಾನು. ಸಾಹೇಬ ಅದರ ಮೇಲೆ ಕೂತು ಚಹಾ ಕುಡಿಯುತ್ತಿದ್ದನಂತೆ. ಕಾಕಾ ಮೊಣಕಾಲುದ್ದ ಬೂಟು ಹಾಕಿ, ಕೋಲು ಕುಟ್ಟುತ್ತ, ರಾಮನಾಮ ಹೇಳುತ್ತ ಅದನ್ನು ದಾಟುತ್ತಿದ್ದರು!

ನಗಬೇಡಿ. ಮೊದಲ ಮಳೆಗೇ ಆ ಹುಲ್ಲಿನಿಂದ ನಾಗರಹಾವೊಂದು ಹೆಡೆ ಎತ್ತಿತ್ತು. ಅವರ ಮನೆಯಲ್ಲೇ ಇದ್ದ ನಾನೂ ನೋಡಿದೆ. ತೋಟದ ಮಾಳಿ ಓಡಿ ಬರುವಷ್ಟರಲ್ಲಿ ಅದು ಹುಲ್ಲಿನಲ್ಲೇ ಮಾಯ. "ಗೇಲಾ ಸಾಹೇಬ, ಗೇಲಾ," ಎಂದ ಮಾಳಿ ಮರಾಠಿಯಲ್ಲಿ.

"ಎಲ್ಲಿಗೆ ಹೋತು? ಟಿಕೀಟ ತಗೊಂಡು ಮುಂಬೈಗೆ ಹೋತೇನು?" ಎಂದು ಕಾಕಾ ಕಿರುಚಿದರು.

ಲಾನಿನ ನಡುವೆಯೇ ಕಾಕಾನ ಹೆಂಡತಿ, ನಮ್ಮ ಕಾಕು, ಕಟ್ಟಿಸಿದ ತುಳಸಿಕಟ್ಟೆ. ಕಾಕು ಬೆಳಗಾಗುವ ಮೊದಲೇ ಸ್ನಾನ ಮಾಡಿ, ಮಡಿಯುಟ್ಟು ಪ್ರದಕ್ಷಿಣೆ ಹಾಕುವವರು. ಮಡಿಯಲ್ಲಿ ಚಪ್ಪಲಿ ಮೆಟ್ಟುವುದುಂಟೇ? ಬರಿಗಾಲು! ಮೇಲಾಗಿ ಕಣ್ಣು ಮಂದ. ಹಗ್ಗಕ್ಕೂ ಹಾವಿಗೂ ಅವರಿಗೆ ಭೇದವಿರಲಿಲ್ಲ. ಬೇಡವೆಂದರೆ, "ತುಳಸವ್ವ ಕಾಯ್ತಾಳ, ಸುಮ್ನಿರ್ರಿ," ಎನ್ನುತ್ತಿದ್ದರು.

ಹಾವು ಕಂಡ ದಿನವೇ ಕಾಕಾ ಹುಲ್ಲು ಕೀಳಿಸತೊಡಗಿದರು. ಒಂದು ಮೂಲೆಯಲ್ಲಿ ಜಲ್ಲಿಕಲ್ಲಿನ ಖಡಿ ಹಾಕಿಸಿ ನೋಡಿದರು. ಕಾಕುವಿನ ಅಂಗಾಲು ಚುಚ್ಚೀತೆಂದು ಭಯ, ತೆಗೆಸಿದರು. ನುಣುಪಾದ ಶಹಾಬಾದಿ ಫರಸಿಕಲ್ಲು ತರಿಸಿದರು. ಮಳೆಯಲ್ಲಿ ಜಾರಿ ಬಿದ್ದಾಳೆಂದು ಭಯ, ಅದೂ ವಾಪಸು! ಕೊನೆಗೆ ನಮ್ಮೂರ ಅಂಗಳದಂತೆ ಮಣ್ಣು ಬಡಿದು ಸಗಣಿ ಸಾರಿಸುವುದೆಂದಾಯಿತು. ಪಕ್ಕದ ಬಂಗಲೆಯ, ನಮ್ಮ ಕಡೆಯವರೇ ಆದ ಡಾಕ್ಟರರು ಬೇಲಿಯಾಚೆಯಿಂದ ಮರುಗಿದರು: "ವಕೀಲಸಾಹೇಬ್ರ, ಎಂಥಾ ಚಂದ ಲಾನು ಹಾಳು ಮಾಡಿದ್ರಲ್ರೀ!"

"ಚಂದ ಅದರೀ. ಅಡಗಲಿಕ್ಕೂ ಭಾಳ ಚಂದ ಅದ!"

ಕತ್ತಲಾಗುವಾಗ ಅರ್ಧ ಲಾನು ಬಾಕಿ ಉಳಿಯಿತು, ಅದೂ ತುಳಸಿಯ ಸುತ್ತಲೇ. ನನಗೆ ನಿದ್ದೆ ಹತ್ತಲಿಲ್ಲ. ನಸುಕಿನಲ್ಲಿ ಕಾಕುವಿನ ಬಳೆಯ ಸದ್ದು ಕೇಳಿ ಹೊರಗೆ ಬಂದೆ. ಹುಲ್ಲಿನಲ್ಲಿ ಏನೋ ಸರಸರ ಎಂದಿತು. ನಾನು ಮೆಟ್ಟಿಲ ಮೇಲೇ ನಿಂತೆ.

ಅಷ್ಟರಲ್ಲಿ ಕಾಕಾ ಕಂಡರು. ತಣ್ಣೀರು ಸುರಿದುಕೊಂಡು, ಮಡಿಪಂಚೆ ಸುತ್ತಿ, ಬರಿಗಾಲಿನಲ್ಲಿ ಕಾಕುವಿನ ಮುಂದೆ ನಡೆಯುತ್ತಿದ್ದರು. ಪಂಚೆಯ ಅಂಚು ಗಡಗಡ ನಡುಗುತ್ತಿತ್ತು.

"ನಾ ಕಾಲಿಟ್ಟಲ್ಲೇ ಕಾಲಿಡು," ಎಂದರು.

"ನಿಮಗ ಅಂಜಿಕಿ ಇಲ್ಲೇನ್ರಿ?" ಎಂದರು ಕಾಕು.

"ಭಾಳ ಅದ. ಅದಕ್ಕ ಮುಂದ ಹೊಂಟೀನಿ."