ಹನ್ನೊಂದನೆಯ ಸ್ಕ್ರೂ

ನನ್ನ ಹೆಂಡತಿ ಬನಶ್ರೀಯ ಲ್ಯಾಪ್‌ಟಾಪಿಗೆ ಹೊಸ ಮೆಮೊರಿಯನ್ನು ನಾನೇ ಕೂರಿಸುತ್ತೇನೆ, ಈ ದೇಹದಲ್ಲಿ ಬಿ.ಎಸ್ಸಿ. ಇರುವ ತನಕ ಪರಪುರುಷನ ಸ್ಕ್ರೂಡ್ರೈವರ್ ಅದರ ತಳ ಮುಟ್ಟಕೂಡದು ಎಂದು ಹಿಂದೂಪುರದ ನಮ್ಮ ಮನೆಯಲ್ಲಿ ನಿಂತು ಘೋಷಿಸಿದೆ.

ಬನಶ್ರೀ ಸೀರೆಯ ಅಂಚು ಸೆರಗುಗಳ ಚಿತ್ತಾರವನ್ನು ಕಂಪ್ಯೂಟರಿನಲ್ಲಿ ಬರೆದುಕೊಡುತ್ತಾಳೆ. ಅವಳ ಒಂದು ನವಿಲನ್ನು ತೆರೆಯಲು ಆ ಮುದಿ ಲ್ಯಾಪ್‌ಟಾಪ್ ಮೊದಲು ಕೊಕ್ಕು ತೋರಿಸಿ ಯೋಚಿಸುತ್ತಿತ್ತು. ಕತ್ತು ತೋರಿಸಿ ಮತ್ತೆ ಯೋಚಿಸುತ್ತಿತ್ತು. ಗರಿಯ ಹತ್ತಿರ ಬರುವಷ್ಟರಲ್ಲಿ ನಿದ್ದೆ ಹೋಗಿರುತ್ತಿತ್ತು.

"ಅಂಗಡಿಯೋರಿಗೆ ಕೊಟ್ರೆ ನಿಂತಂಗೇ ಹಾಕ್ಕೊಡ್ತಾರೆ ಕಣ್ರೀ," ಎಂದಳು.

"ಅಂಗಡಿಯೋರು ಭೂಮಿಗೆ ತಾಕ್ಕೊಂಡು ಕೆಲಸ ಮಾಡಲ್ಲ."

"ಮತ್ತೇನು, ಗಾಳೀಲಿ ತೇಲ್ತಾರಾ?"

ವಿಜ್ಞಾನ ಓದದವರೊಡನೆ ಇದೇ ಕಷ್ಟ. ನಮ್ಮ ಸೀಮೆಯ ಒಣಗಾಳಿಯಲ್ಲಿ ರೇಷ್ಮೆ ಸೀರೆ ಮಡಿಸಿದರೆ ಕೈಮೇಲಿನ ಕೂದಲು ಎದ್ದು ನಿಲ್ಲುತ್ತದೆ. ಆ ವಿದ್ಯುತ್ತು ಬೆರಳಿನಿಂದ ಹಾರಿದರೆ ಮೆಮೊರಿಯ ಕಥೆ ಮುಗಿಯಿತು. ಕೆಲಸ ಮಾಡುವವನ ಮೈ ನೆಲಕ್ಕೆ ತಾಗಿರಬೇಕು. ನಾನು ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಪ್ರಯೋಗಾಲಯದವನು, ಅಳೆಯದೆ ಕಾಫಿಗೂ ಸಕ್ಕರೆ ಹಾಕಿಕೊಳ್ಳುವವನಲ್ಲ. ನಮ್ಮ ಮನೆ ಇರುವುದು ಎರಡನೆಯ ಮಹಡಿಯಲ್ಲಿ. ಭೂಮಿ ಬೇಕೆಂದರೆ ಕಲ್ಯಾಣದುರ್ಗಕ್ಕೇ ಹೋಗಬೇಕು ಎಂದು ನಿರ್ಧರಿಸಿದೆ.

ಕಲ್ಯಾಣದುರ್ಗದಲ್ಲಿ ಮಾವ ಶಂಕರಯ್ಯನವರ ಮನೆ. ಅಲ್ಲಿಯೂ ಈಗ ಟೈಲ್ಸ್ ಬಂದಿದೆ. ಆದರೆ ಮಗ್ಗದ ಗುಂಡಿಯಲ್ಲಿ, ನೇಯುವವರು ಕಾಲು ಇಳಿಬಿಟ್ಟು ಕೂರುವಲ್ಲಿ, ಬರಿಮಣ್ಣು ಹಾಗೇ ಉಳಿದಿದೆ. ಬರಿಗಾಲನ್ನು ಅಲ್ಲಿ ಊರಿದರೆ ನಾನು ಸಾಕ್ಷಾತ್ ಭೂಮಿತಾಯಿಯ ಒಂದು ಅಂಗ.

ನಾವು ಹೋದ ಭಾನುವಾರ ಮಗ್ಗದ ಮೇಲೆ ಮದುವೆ ಸೀರೆ ಇತ್ತು. ಹತ್ತಿರದ ಹಳ್ಳಿಯ ನಿರ್ಮಲಮ್ಮನವರ ಮಗಳಿಗೆ ಮಾರನೆಯ ಬೆಳಗ್ಗೆ ಧಾರೆ, ಉಡುವುದು ಅದೇ ಸೀರೆ. ಒಡಲೆಲ್ಲ ಮುಗಿದು ಸೆರಗಿನಲ್ಲಿ ಒಂದು ಗೇಣು ಉಳಿದಿತ್ತು. ಸಂಜೆ ಅವರ ಜೀಪು ಬರುವಷ್ಟರಲ್ಲಿ ನೇಯ್ದು, ಮಗ್ಗದಿಂದ ಕತ್ತರಿಸಿ ಕೊಡಬೇಕು. ಸೆರಗಿನ ನವಿಲುಗಳನ್ನು ಬರೆದವಳು ಬನಶ್ರೀ, ನೇಯುತ್ತಿದ್ದವರು ಮಾವ. ದಿನವಿಡೀ ಬಣ್ಣದ ನಡುವೆಯೇ ಬದುಕುವ ನಾನು ಕೂಡ ಆ ನವಿಲುಗಳ ಮುಂದೆ ಸ್ವಲ್ಪ ಹೊತ್ತು ಬಾಯಿ ತೆರೆದು ನಿಂತಿದ್ದೆ.

ಬನಶ್ರೀ ಗೆಳತಿಯನ್ನು ನೋಡಲು ಪಕ್ಕದ ಬೀದಿಗೆ ಹೋದಳು. ಮಾವ ಊಟಕ್ಕೆ ಎದ್ದರು. ನಾನು ಲ್ಯಾಪ್‌ಟಾಪ್ ಹಿಡಿದು ಗುಂಡಿಗೆ ಕಾಲಿಳಿಸಿದೆ.

"ಅಳಿಯಂದ್ರೆ, ಅಲ್ಯಾಕೆ ಕೂತ್ರಿ? ಮಂಚದ ಮ್ಯಾಲೆ ಕೂತು ಮಾಡ್ಬಾರ್ದಾ?" ಅಡುಗೆಮನೆಯಿಂದ ಅತ್ತೆ ಆದಿಲಕ್ಷ್ಮಿ ಕೇಳಿದರು.

"ಅರ್ತಿಂಗ್ ಬೇಕು ಅತ್ತೆ."

"ಊಟಕ್ಕೆ ಮುಂಚೇನೇ ಬೇಕಾ?"

ಬ್ಯಾಟರಿ ಬಿಡಿಸಿದೆ. ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿ ಸ್ಟೀಲ್ ಬಟ್ಟಲಿಗೆ ಹಾಕಿದೆ. ತಳದ ಮುಚ್ಚಳ ತೆಗೆದೆ. ಹಳೆಯ ಮೆಮೊರಿ ಪಟ್ಟಿಯನ್ನು ಹೊರಗೆಳೆದು, ಹೊಸದನ್ನು ಓರೆಯಾಗಿ ತೂರಿಸಿ ಒತ್ತಿದೆ. ಟಕ್ ಎಂದು ಕೂತಿತು. ಚಂದ್ರನ ಮೇಲೆ ಇಳಿದವರೂ ಅಷ್ಟು ನಯವಾಗಿ ಇಳಿದಿರಲಿಕ್ಕಿಲ್ಲ.

ಮುಚ್ಚುವ ಮೊದಲು ಸ್ಕ್ರೂಗಳನ್ನು ಎಣಿಸಿದೆ. ಎಣಿಸುವುದು ನನ್ನ ಕುಲಧರ್ಮ. ಬಟ್ಟಲಲ್ಲಿ ಹತ್ತಿದ್ದವು. ನಾನು ನೋಡಿ ಕಲಿತ ವೀಡಿಯೊದಲ್ಲಿ, ಇದೇ ಹೆಸರಿನ ಲ್ಯಾಪ್‌ಟಾಪಿನಿಂದ ಆ ಪುಣ್ಯಾತ್ಮ ಬಿಚ್ಚಿದ್ದು ಹನ್ನೊಂದು.

ಮತ್ತೆ ಎಣಿಸಿದೆ. ಹತ್ತು. ನನ್ನ ಮುಂದೆ ಮೊಣಕಾಲಿಗೆ ತಾಗುವಷ್ಟು ಹತ್ತಿರದಲ್ಲಿ ಸಾವಿರಾರು ರೇಷ್ಮೆ ಎಳೆಗಳು ಬಿಗಿದು ನಿಂತಿದ್ದವು. ಆಗಲೇ ಎಲ್ಲೋ ಟಿಣ್ ಎಂದಿತ್ತಲ್ಲ ಎಂದು ನನ್ನ ಕಿವಿ ತಡವಾಗಿ ಸಾಕ್ಷಿ ಹೇಳಿತು.

ಮಾವ ಕೈ ಒರೆಸಿಕೊಳ್ಳುತ್ತ ಬಂದು ಮಗ್ಗಕ್ಕೆ ಕೈ ಹಾಕಿದರು.

"ಮಾವ, ಮುಟ್ಬೇಡಿ. ಒಂದು ಸ್ಕ್ರೂ ಹೋಗಿದೆ."

"ಎಲ್ಲಿಗೆ?"

ನಾನು ಕಣ್ಣಿನಲ್ಲೇ ಸೀರೆಯನ್ನು ತೋರಿಸಿದೆ. ಮಾವ ಮಗ್ಗದಿಂದ ಕೈ ತೆಗೆದರು.

"ಎಷ್ಟು ದಪ್ಪ ಐತೆ?"

"ಸಾಸಿವೆಗಿಂತ ಒಂಚೂರು ದೊಡ್ಡದು."

"ದೊಡ್ಡದಾಗಿದ್ರೆ ಕಣ್ಣಿಗಾದ್ರೂ ಬೀಳೋದು. ಎಳೆ ಸಂದಿಗೆ ಹೋಗಿದ್ರೆ, ಮಗ್ಗದ್ದು ಒಂದೇಟು ಬೀಳ್ತಲೂ ಸೆರಗು ಹರಿದು ಹೋಯ್ತದೆ ಕಣಪ್ಪ."

ಮಗ್ಗ ನಿಂತಿತು. ಅತ್ತೆ ಒಲೆ ಆರಿಸಿ ಬಂದರು. ಮೂರು ಮೊಬೈಲುಗಳ ಟಾರ್ಚ್ ಹೊತ್ತಿದವು. ನಾನು ಬಟ್ಟೆಯ ಎಳೆ ನೋಡಲು ಸದಾ ಬ್ಯಾಗಿನಲ್ಲಿಟ್ಟುಕೊಳ್ಳುವ ಭೂತಕನ್ನಡಿ ಹಿಡಿದು ಸೀರೆಯ ಮೇಲೆ ಬಾಗಿದೆ. ಸಿಗಲಿಲ್ಲ. ಪಕ್ಕದ ಮನೆಯ ಆಟೋ ರಾಮಾಂಜಿಯ ಹಾಳು ಸ್ಪೀಕರಿನಿಂದ ಅಯಸ್ಕಾಂತ ತಂದು ಎಳೆಗಳ ಕೆಳಗೆ ಆಡಿಸಿದೆ. ಒಂದು ಸೂಜಿ ಬಂತು. ಒಂದು ಹೇರ್‌ಪಿನ್ ಬಂತು. ಕೈ ಹಿಂದಕ್ಕೆ ಎಳೆದುಕೊಳ್ಳುವಾಗ ನನ್ನ ವಾಚಿನ ಪಟ್ಟಿಗೆ ಸಿಕ್ಕಿ ಎರಡು ಎಳೆ ಪಟ್ ಪಟ್ ಎಂದು ತುಂಡಾದವು.

"ಇದುವರೆಗೆ ಸ್ಕ್ರೂ ಏನೂ ಮಾಡಿಲ್ಲ," ಎಂದರು ಅತ್ತೆ. "ಅಳಿಯಂದ್ರೇ ಎಲ್ಲಾ ಮಾಡ್ತಾವ್ರೆ."

ಮಾವ ಬೈಯಲಿಲ್ಲ. ಬೂದಿ ಸವರಿದ ಎರಡು ಬೆರಳಲ್ಲಿ ಆ ಎಳೆಗಳನ್ನು ಹೊಸೆದು ಸೇರಿಸಿದರು. ಎಲ್ಲಿ ಸೇರಿಸಿದರೆಂದು ಭೂತಕನ್ನಡಿಯಲ್ಲಿ ಹುಡುಕಿದೆ. ಸ್ಕ್ರೂವಿನ ಹಾಗೆ ಅದೂ ಸಿಗಲಿಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ಚಪ್ಪಲಿ ಸದ್ದಾಯಿತು. ದೊಡ್ಡ ಚೀಲ ಹೊತ್ತ ನಿರ್ಮಲಮ್ಮ ಬಂದಿದ್ದರು, ಜೀಪಿಗಿಂತ ಬಹಳ ಮುಂಚೆಯೇ.

"ಬಜಾರಿಗೆ ಬಂದಿದ್ದೆ, ಸೀರೆ ನೋಡ್ಕಂಡು ಹೋಗಾಣ ಅಂತ... ಇದೇನು ಶಂಕರಯ್ಯನೋರೆ, ಎಲ್ರೂ ನನ್ನ ಮಗಳ ಸೀರೆಗೆ ಲೈಟು ಬಿಡ್ತಾ ಇದೀರಿ?"

ನಾಳೆ ಮದುವೆ ಇರುವ ಮಗಳ ತಾಯಿಗೆ, ನಿಮ್ಮ ಸೀರೆಯಲ್ಲಿ ನನ್ನ ಲ್ಯಾಪ್‌ಟಾಪಿನ ಒಂದು ಭಾಗವಿದೆ ಎಂದು ಹೇಗೆ ಹೇಳುವುದು? ಮಾವ ಮಾತ್ರ ತಲೆಯೆತ್ತಿ ಗಂಭೀರವಾಗಿ ಹೇಳಿದರು.

"ನಮ್ಮ ಅಳಿಯಂದ್ರು ಕಣಮ್ಮ, ಆನಂದಕುಮಾರ್ ಅಂತ. ಸೈನ್ಸ್ ಓದವ್ರೆ. ಮಗ್ಗದಿಂದ ಇಳಿಸೋಕೆ ಮುಂಚೆ ಒಂದ್ಸಲ ಚೆಕ್ ಮಾಡ್ತಾವ್ರೆ."

"ಒಂದೊಂದೇ ಎಳೆನಾ?"

"ಒಂದೊಂದೇ."

ನಿರ್ಮಲಮ್ಮ ನನ್ನನ್ನು ನೋಡಿದ ಆ ನೋಟದಲ್ಲಿ ಎಷ್ಟು ಗೌರವವಿತ್ತೆಂದರೆ, ನನ್ನ ಪ್ರಿನ್ಸಿಪಾಲರು ಪದವಿ ಕೊಡುವಾಗಲೂ ಹಾಗೆ ನೋಡಿರಲಿಲ್ಲ. ಅವರು ಮಂಚದ ಮೇಲೆ ಕೂತರು. ನಾನು ಬಾಗಿಯೇ ಇದ್ದೆ.

ಬನಶ್ರೀ ಬಂದದ್ದು ಆಗ. ನನ್ನ ಬೆವರು, ಬಟ್ಟಲು, ತಳ ಬಿಚ್ಚಿ ಬಿದ್ದಿದ್ದ ಲ್ಯಾಪ್‌ಟಾಪ್, ಇಷ್ಟನ್ನು ನೋಡಿ ಅವಳಿಗೆ ಅರ್ಧ ಕಥೆ ತಿಳಿಯಿತು. ಉಳಿದರ್ಧ ನಾನು ಕಿವಿಯಲ್ಲಿ ಹೇಳಿದೆ. ಅವಳೂ ಪಿಸುದನಿಯಲ್ಲೇ ಕೇಳಿದಳು.

"ಬಿಚ್ಚೋವಾಗ ಎಣಿಸಿದ್ರಾ?"

"ಬಿಚ್ಚಾದ ಮೇಲೆ ಎಣಿಸ್ದೆ. ಹನ್ನೊಂದಿರಬೇಕು, ವೀಡಿಯೊದಲ್ಲಿ..."

"ವೀಡಿಯೊದಾಗಲ್ರೀ. ನಮ್ದರಾಗೆ?"

ಉತ್ತರಕ್ಕೆ ಕಾಯದೆ ಅವಳು ಲ್ಯಾಪ್‌ಟಾಪನ್ನು ಮಡಿಲಿಗೆ ಎಳೆದುಕೊಂಡು ಮುಚ್ಚಳ ಕೂರಿಸಿದಳು. ಒಂದು ತೂತಿಗೆ ಒಂದು ಸ್ಕ್ರೂ, ಇನ್ನೊಂದಕ್ಕೆ ಇನ್ನೊಂದು. ಚಿತ್ತಾರಕ್ಕೆ ಚುಕ್ಕಿ ಇಡುವವಳ ಬೆರಳು ಎಲ್ಲಿಯೂ ತಡವರಿಸಲಿಲ್ಲ. ಬಟ್ಟಲು ಖಾಲಿಯಾಯಿತು. ಲ್ಯಾಪ್‌ಟಾಪಿನ ತಳವನ್ನು ನನ್ನ ಮುಖಕ್ಕೆ ಹಿಡಿದಳು. ಒಂದು ತೂತೂ ಖಾಲಿ ಇರಲಿಲ್ಲ.

"ಹನ್ನೊಂದನೇದು ಸಿಕ್ಕಿದ್ರೆ ಎಲ್ಲಿಗೆ ಹಾಕ್ತಿದ್ರಿ?"

ಅದೇ ಹೆಸರಿನ ಲ್ಯಾಪ್‌ಟಾಪ್ ಹೌದು, ಆದರೆ ವೀಡಿಯೊದವನದು ಬೇರೆ ವರ್ಷದ್ದು. ಇಲ್ಲದ ಸ್ಕ್ರೂ ಒಂದನ್ನು ಕಳೆದು, ಅದಕ್ಕಾಗಿ ಒಂದು ಮಗ್ಗವನ್ನೂ ಒಂದು ಮದುವೆಯನ್ನೂ ನಿಲ್ಲಿಸಿದ ಕೀರ್ತಿ ಬಿ.ಎಸ್ಸಿ.ಗೆ ಸಂದಿತು. ಬ್ಯಾಟರಿ ಹಾಕಿ ಗುಂಡಿ ಒತ್ತಿದಳು. ನವಿಲು ಕೊಕ್ಕು ಕತ್ತು ಗರಿ ಸಮೇತ ಒಂದೇ ಸಲಕ್ಕೆ ಬಂದು ನಿಂತಿತು.

"ಮೆಮೊರಿ ಮಾತ್ರ ಚೆನ್ನಾಗಿ ಹಾಕಿದೀರ ಕಣ್ರೀ," ಎಂದಳು. ಆ 'ಮಾತ್ರ' ನನಗೆ ಕೇಳಿಸಿತು. ಆದರೂ ಖುಷಿಯಾಯಿತು.

ಅವಳು ಅಪ್ಪನಿಗೆ ಕಣ್ಣಿನಲ್ಲೇ ಸನ್ನೆ ಮಾಡಿದಳು. ಮಾವ ನನ್ನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಗುಂಡಿಗೆ ಕಾಲಿಳಿಸಿದರು. ಕಳೆದುಹೋದ ಹೊತ್ತನ್ನೆಲ್ಲ ಆ ಮನುಷ್ಯ ಹೇಗೆ ಹಿಡಿದು ತಂದರೋ ತಿಳಿಯದು. ಲಾಳಿ ಆ ಕಡೆ ಹೋದದ್ದು ಕಾಣುವಷ್ಟರಲ್ಲಿ ಈ ಕಡೆ ಬಂದಿರುತ್ತಿತ್ತು. ಕೈ ಓಡುತ್ತಿತ್ತು, ಮುಖದಲ್ಲಿ ಅವಸರವೇ ಇರಲಿಲ್ಲ. ಗೇಣು ಬೆರಳಾಯಿತು, ಬೆರಳು ಮುಗಿಯಿತು. ಸೀರೆ ಕತ್ತರಿಸಿ, ಮಡಿಸಿ, ಅತ್ತೆ ಅರಿಸಿನ ಕುಂಕುಮವಿಟ್ಟು ನಿರ್ಮಲಮ್ಮನ ಮಡಿಲಿಗೆ ಹಾಕಿದಾಗ ಜೀಪು ಇನ್ನೂ ಬಂದಿರಲಿಲ್ಲ. ನಿರ್ಮಲಮ್ಮ ನವಿಲಿನ ಮೇಲೆ ಕೈಯಾಡಿಸಿ ಕಣ್ಣು ಒರೆಸಿಕೊಂಡರು. ನನ್ನ ಪೀಡೆ ತೊಲಗಿತೆಂದು ನಾನು ಉಸಿರು ಬಿಟ್ಟೆ.

ಆಗ ಅವರು ತಮ್ಮ ದೊಡ್ಡ ಚೀಲವನ್ನು ನನ್ನ ಮುಂದೆ ಸುರಿದರು.

"ಬೀಗರಿಗೆ, ನಾದಿನೀರಿಗೆ ಅಂತ ಬಜಾರಾಗೆ ತಗಂಡಿದ್ದ ಸೀರೆ ಕಣಪ್ಪ. ಅಂಗಡಿಯೋರು ಹಿಂಗೆಲ್ಲ ನೋಡಿ ಎಲ್ಲಿ ಕೊಡ್ತಾರೆ? ಜೀಪು ಬರೋತಂಕ ಒಂಚೂರು ಚೆಕ್ ಮಾಡ್ಕೊಡಿ. ಒಂದೊಂದೇ ಎಳೆ."

ನಾನು ಮಾವನ ಮುಖ ನೋಡಿದೆ. ಅವರು ದೀಪವನ್ನು ನನ್ನ ಹತ್ತಿರಕ್ಕೆ ಸರಿಸಿದರು. ಬನಶ್ರೀ ಭೂತಕನ್ನಡಿಯನ್ನು ಸೆರಗಿನಲ್ಲಿ ಒರೆಸಿ ನನ್ನ ಕೈಗಿಟ್ಟಳು.

"ಕೂತ್ಕಳ್ರೀ," ಎಂದಳು. "ಈ ಸಲ ಮೊದ್ಲೇ ಎಣಿಸ್ಕಳಿ, ಸೀರೆ ಎಷ್ಟು ಅವೆ ಅಂತ."