ಎಡಕ್ಕೆ ಹೊಸದು, ಬಲಕ್ಕೆ ಹಳೆಯದು

ಮಿಕ್ಸರಿನ ಮುಚ್ಚಳ ಒಡೆದರೆ ಮಿಕ್ಸರನ್ನೇ ಬದಲಿಸಿ, ಛತ್ರಿಯ ಕಡ್ಡಿ ಮುರಿದರೆ ಛತ್ರಿಯನ್ನೇ ಎಸೆಯಿರಿ ಎನ್ನುವ ಈ ಕಾಲದ ಮೇಲೆ ನನಗೆ ಎಲ್ಲಿಲ್ಲದ ಸಿಟ್ಟು. ಆ ಸಿಟ್ಟನ್ನು ಹಾನಗಲ್ಲಿನ ವಾರಪತ್ರಿಕೆಯೊಂದರಲ್ಲಿ ಪ್ರತಿ ವಾರ ಅರ್ಧ ಪುಟ ಕಾರುತ್ತೇನೆ. (ಉಳಿದರ್ಧ ಪುಟದಲ್ಲಿ ಹೊಸ ಮಿಕ್ಸರಿನ ಜಾಹೀರಾತು ಇರುತ್ತದೆ, ಅದು ಸಂಪಾದಕರ ಪಾಪ.) ಅಂಥದೊಂದು ಲೇಖನದ ಕೊನೆಯ ಸಾಲು ಊರಿಗೆಲ್ಲ ಬಾಯಿಪಾಠವಾಯಿತು: "ರಿಪೇರಿ ಮಾಡಲಾರದವನು ಸಂಸಾರವನ್ನೂ ಮಾಡಲಾರ."

ಅದು ಅಚ್ಚಾದ ವಾರವೇ ನಮ್ಮ ಹಳೆಯ ಕಾರು ಬ್ರೇಕ್ ಹಿಡಿಯುವುದನ್ನು ಬಿಟ್ಟಿತು.

ಗ್ಯಾರೇಜಿನ ಜಾವೇದ ಮುಂದಿನ ಎರಡೂ ಗಾಲಿ ಬಿಚ್ಚಿ ಕ್ಯಾಲಿಪರ್ ತೋರಿಸಿದ. ತಿರುಗುವ ಡಿಸ್ಕನ್ನು ಗಪ್ಪನೆ ಹಿಡಿದು ಗಾಲಿ ನಿಲ್ಲಿಸಬೇಕಾದ ಕಬ್ಬಿಣದ ಮುಷ್ಟಿ ಅದು. ನಮ್ಮವೆರಡೂ ತುಕ್ಕು ಹಿಡಿದು, ಮದುವೆಗೆ ಆಯೇರಿ ಕೊಡಲು ಬಂದ ಜಿಪುಣನ ಮುಷ್ಟಿಯಂತೆ ಅತ್ತ ಬಿಚ್ಚದೆ ಇತ್ತ ಮುಚ್ಚದೆ ಕೂತಿದ್ದವು. ಒಳಗಿನ ಪಿಸ್ಟನ್ನು, ರಬ್ಬರು ಬದಲಿಸಿ ಹಳೆಯದನ್ನೇ ಕಟ್ಟಬಹುದು. ಇಲ್ಲವೇ ಪೂರ್ತಿ ಹೊಸದನ್ನು ಹಾಕಬಹುದು. ಯಾವುದು ವಾಸಿ ಎಂದು ಕೇಳಿದೆ.

"ಹ್ವಾದ ವಾರ ಕೇಳಿದ್ರ ಹೊಸಾವ ಹಾಕ್ರಿ ಅಂತಿದ್ನಿರಿ ಸರ. ಈಗ ನೀವ ಹಂಗ ಬರದಬಿಟ್ಟೀರಿ. ನಾ ಹ್ಯಾಂಗ ಹೇಳ್ಲಿ?"

ಅವನ ಹಿಂದಿನ ಗೋಡೆಗೆ ನನ್ನ ಲೇಖನ ಅಂಟಿತ್ತು. ಕೊನೆಯ ಸಾಲಿನ ಕೆಳಗೆ ಗ್ರೀಸಿನ ಬೆರಳಿನಿಂದ ಗೆರೆ ಬೇರೆ ಎಳೆದಿದ್ದ.

ಮನೆಯಲ್ಲಿ ನನ್ನ ಹೆಂಡತಿ ಸುಧಾರಾಣಿಗೆ ಇದಾವುದೂ ಬೇಕಿರಲಿಲ್ಲ. ಶುಕ್ರವಾರ ಚಿಕ್ಕೇರೂರಿನಲ್ಲಿ ಅವಳ ತಂಗಿಯ ಮಗಳು ಅಂಕಿತಾಳ ಕುಬಸ. ಬಸುರಿಗೆ ದೊಡ್ಡವ್ವನೇ ಮೊದಲು ಉಡಿ ತುಂಬಬೇಕು. ಹೊತ್ತು ಮೀರಿದರೆ ಆ ಪಾಳಿ ಬೀಗಿತ್ತಿಗೆ ಹೋಗುತ್ತದೆ. ಹಾಗೆ ಹೋದರೆ ನಮ್ಮ ಮನೆಯಲ್ಲಿ ಯುಗಾಂತ್ಯವಾಗುತ್ತದೆ.

"ಹೊಸಾವ ಹಾಕಸ್ರಿ. ನಿಮ್ಮ ಲೇಖನ ಬ್ರೇಕ್ ಹಿಡೀತೈತೇನು?"

"ಮಂದಿಗೊಂದು ಬರದು ನಾ ಒಂದು ಮಾಡ್ಲೇನು? ಆತ್ಮಸಾಕ್ಷಿ ಅನ್ನೂದೊಂದೈತಿ."

"ಇರ್ಲಿ. ಅದನ್ನ ಕಾರಿನ್ಯಾಗ ಕುಂದ್ರಿಸಿಕೊಂಡು ನೀವು ಬರ್ರಿ. ನಾ ಬಸ್ಸಿಗೆ ಹೊಕ್ಕೇನಿ."

ನಿಜ ಹೇಳಬೇಕೆಂದರೆ ಆ ಆತ್ಮಸಾಕ್ಷಿಯೇ ಎರಡು ಹೋಳಾಗಿತ್ತು. ಒಂದು ಹೋಳು ತತ್ವ ಎನ್ನುತ್ತಿತ್ತು. ಇನ್ನೊಂದು, ಕಾರಿನಲ್ಲಿ ಕೂರುವ ಹೆಂಡತಿ, ತಾಯಿ ಇಬ್ಬರ ಜೀವ ಎನ್ನುತ್ತಿತ್ತು. ನಮ್ಮ ಅವ್ವ ಫಕ್ಕೀರವ್ವ ಜಗಳ ಕೇಳಿ ಸಾಕಾಗಿ, ವೀರಭದ್ರನಿಗೆ ಹೂ ಕೇಳೋಣವೆಂದಳು. (ಹೂ ಕೇಳುವುದರ ವಿರುದ್ಧವೂ ನಾನು ಬರೆದಿದ್ದೇನೆ. ಆ ಸಂಚಿಕೆ ಪೂರ್ತಿ ಮಿರ್ಚಿ ಕಟ್ಟಲಿಕ್ಕೆ ಹೋಯಿತು.)

ಬಿಚ್ಚಿ ತಂದ ಕ್ಯಾಲಿಪರನ್ನು ಸೀಗೆಪುಡಿಯಲ್ಲಿ ತಿಕ್ಕಿ, ವಿಭೂತಿ ಬಳಿದು, ಮಣೆಯ ಮೇಲೆ ಪ್ರತಿಷ್ಠಾಪಿಸಿದ್ದಾಯಿತು. ವೀರಭದ್ರನ ಎರಡೂ ಭುಜಕ್ಕೆ ಒಂದೊಂದು ಹೂ. ಬಲಗಡೆಯದು ಬಿದ್ದರೆ ರಿಪೇರಿ, ಎಡಗಡೆಯದು ಬಿದ್ದರೆ ಹೊಸದು. ಅವ್ವ ಕಣ್ಣು ಮುಚ್ಚಿದಳು. ಮುಂಜಾನೆಯಿಂದ ಹೋಗಿದ್ದ ಕರೆಂಟು ಆಗಲೇ ಬಂತು, ಫ್ಯಾನು ತಿರುಗಿತು, ಎರಡೂ ಹೂ ಒಟ್ಟಿಗೆ ಬಿದ್ದವು.

ಅವ್ವ ಕಣ್ಣು ತೆರೆದು ಕೈ ಮುಗಿದಳು. "ಬಲಕ್ಕ ರಿಪೇರಿ, ಎಡಕ್ಕ ಹೊಸಾದು. ಚನ್ನೇಶ, ಇಷ್ಟ ಬಿಡಿಸಿ ಯಾವ ದೇವ್ರು ಹೇಳ್ತಾನ?"

ಜಾವೇದ ತಲೆ ಕೆರೆದುಕೊಂಡ. ಎರಡೂ ಕಡೆ ಒಂದೇ ನಮೂನೆ ಇರಬೇಕು, ಇಲ್ಲದಿದ್ದರೆ ಬ್ರೇಕ್ ಒತ್ತಿದಾಗ ಕಾರು ಹೊಸದರ ಕಡೆಗೇ ಜಗ್ಗುತ್ತದೆ ಎಂದ. ನಾನು ಕೇಳಲಿಲ್ಲ. ಅರ್ಧ ಲೇಖನಕ್ಕೆ, ಅರ್ಧ ಹೆಂಡತಿಗೆ; ಇದಕ್ಕಿಂತ ಘನವಾದ ರಾಜಿ ಜಗತ್ತಿನಲ್ಲಿ ಎಲ್ಲಿ ಆಗಿದೆ?

ಶುಕ್ರವಾರ ಉಡಿಯ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಸುಧಾರಾಣಿ ಮುಂದೆ, ಅವ್ವ ಹಿಂದೆ. ಊರು ದಾಟುವಲ್ಲಿ ಹಂಪ್ ಬಂತು. ಮೆಲ್ಲಗೆ ಬ್ರೇಕ್ ಒತ್ತಿದೆ. ಸಂಜೆ ಕೊಟ್ಟಿಗೆ ಕಂಡ ಎತ್ತಿನಂತೆ ಕಾರು ಎಡಕ್ಕೆ ಹೊರಳಿತು, ತೆರೆದ ಗೇಟು ಹೊಕ್ಕಿತು, ನಿಯಾಜನ ಗುಜರಿ ಅಂಗಡಿಯ ತಕ್ಕಡಿಗೆ ಮೂಗು ತಾಗಿಸಿ ನಿಂತಿತು.

ನಿಯಾಜ ಚಹಾದ ಕಪ್ಪು ಕೆಳಗಿಟ್ಟ. "ಬರ್ರಿ ಸರ. ಇದನ್ನ ನೀವು ಕೊಡಂಗಿಲ್ಲ ಅಂತ ತಿಳಕೊಂಡಿದ್ನಿ. ಅದ ಬಂತ ನೋಡ್ರಿ."

ಹಿಂದಕ್ಕೆ ತೆಗೆದು, ಸುತ್ತು ಹಾಕಿ, ಮತ್ತೆ ಅದೇ ಹಂಪಿನ ಹತ್ತಿರ ಬಂದೆ. ಮತ್ತೆ ಒಳಗೆ. ಈ ಸಲ ನಿಯಾಜ ತಕ್ಕಡಿಯ ಮೇಲಿನ ಧೂಳು ಒರೆಸುತ್ತಿದ್ದ. ನಾನು ವೀರಭದ್ರನನ್ನೂ ಜಾವೇದನನ್ನೂ ಒಂದೇ ಉಸಿರಿನಲ್ಲಿ ಬೈದು ಪಕ್ಕಕ್ಕೆ ತಿರುಗಿದರೆ ಸೀಟು ಖಾಲಿ. ಅತ್ತೆ ಸೊಸೆ ಇಬ್ಬರೂ ಹಿರೇಕೆರೂರು ಬಸ್ಸಿಗೆ ಕೈ ಮಾಡಿ, ಹೆಂಗಸರ ಪುಕ್ಕಟೆ ಟಿಕೀಟಿನಲ್ಲಿ ಸುಖವಾಗಿ ಕೂತಿದ್ದರು. ಉಡಿಯ ಬುಟ್ಟಿಯನ್ನು ಕಂಡಕ್ಟರನೇ ಹಿಡಿದುಕೊಂಡಿದ್ದ.

ಮುಂದಿನ ಬಸ್ಸಿನ ಸುದ್ದಿ ಇರಲಿಲ್ಲ. ನಿಯಾಜನಿಗೆ ಆ ಕಡೆ ಗುಜರಿ ತರುವುದಿತ್ತು. ಕರುಣೆ ತೋರಿ ತನ್ನ ಮೂರು ಗಾಲಿಯ ಟಂಟಂ ಹತ್ತಿಸಿಕೊಂಡ. ದಾರಿಯಲ್ಲಿ ಹೇರಿಕೊಂಡ ಮುಚ್ಚಳವಿಲ್ಲದ ಮಿಕ್ಸರು, ಕಡ್ಡಿ ಮುರಿದ ಛತ್ರಿಗಳ ನಡುವೆ ನನ್ನ ಸವಾರಿ ಚಿಕ್ಕೇರೂರು ಮುಟ್ಟಿತು.

ಸುಧಾರಾಣಿ ಹೊತ್ತಿಗೆ ಸರಿಯಾಗಿ ಮೊದಲ ಉಡಿ ತುಂಬಿದ್ದಳು. ಈಗ ಒಡಪು ಹಾಕಿ ಗಂಡನ ಹೆಸರು ಹೇಳಬೇಕೆಂದು ಹೆಂಗಸರು ಅವಳನ್ನು ಸುತ್ತುವರಿದಿದ್ದರು. ಚಪ್ಪರದ ಮುಂದೆ ಟಂಟಂ ನಿಂತಿತು. ನಾನು ಇಳಿಯುವುದನ್ನು ನೋಡಿದಳು. ಸೆರಗು ಸರಿ ಮಾಡಿಕೊಂಡು, ಬೀಗಿತ್ತಿಗೂ ಕೇಳುವಂತೆ ಶುರು ಮಾಡಿದಳು:

"ಎಡಕ್ಕ ಹೊಸಾದು, ಬಲಕ್ಕ ಹಳೇದು, ಕಾರಿಗಾತು ಗುಜರಿ ಪ್ರವೇಶ,
ಉಡಿ ಹಿಡಕೊಂಡು ಬಸ್ಸಿಗೆ ಬಂದೆ ನಾ, ಟಂಟಂದಾಗ ಬಂದ್ರು ಚನ್ನೇಶ."

ಈಗ ಊರಿಗೆಲ್ಲ ಬಾಯಿಪಾಠವಾಗಿರುವುದು ಈ ಎರಡು ಸಾಲು. ಜಾವೇದ ಅದನ್ನು ಚಂದದ ಅಕ್ಷರದಲ್ಲಿ ಬರೆಸಿ, ಗ್ಯಾರೇಜಿನ ಗೋಡೆಗೆ, ನನ್ನ ಲೇಖನದ ಮೇಲೆಯೇ ಅಂಟಿಸಿದ್ದಾನೆ. ಬಲಗಡೆಗೂ ಹೊಸದನ್ನು ಹಾಕಿಸಲು ಹೋದಾಗ ಅದರ ಕೆಳಗೇ ಕೂತು ಕಾದೆ.